ಅನುಕೂಲ ಏಳು

ಈ ಸಂಗತಿಯನ್ನು ನಾನು ಮೂವರ ಬಾಯಿಂದ, ಬೇರೆ ಬೇರೆ ದಿನಗಳಲ್ಲಿ ಕೇಳಿ ಬರೆದುಕೊಂಡೆ. ಮೊದಲು ಹೇಳಿದವರು ಸಾಮಿಲ್ಲಿನಲ್ಲಿ ಗರಗಸಗಳಿಗೆ ಸಾಣೆ ಹಿಡಿಯುವ ಹಿರಿಯರು. ಅವರು ಯಾರಿಗೆ ಏನಾಗಬೇಕು ಎಂದು ಲೆಕ್ಕಿಸದೆ ಊರಿಗೆ ಊರೇ ಅವರನ್ನು ಸಾಣೆಮಾವ ಎನ್ನುತ್ತದೆ. ಎರಡನೆಯವರು ಅವರ ಸ್ವಂತ ಸೋದರಸೊಸೆ, ಮರ ಒಣಗಿಸುವ ಅಂಗಳವನ್ನು ನೋಡಿಕೊಳ್ಳುವವರು, ಹಲಗೆಗಳ ಅಟ್ಟಿಗಳ ನಡುವೆಯೇ ದಿನ ಕಳೆಯುವುದರಿಂದ ಅಟ್ಟಿಯಕ್ಕ ಎಂದು ಹೆಸರಾದವರು. ಮೂರನೆಯವರು ಅಟ್ಟಿಯಕ್ಕನ ತಂಗಿಯ ಗಂಡ, ಸರಕಾರದ ಕೈಗಾರಿಕಾ ಕಚೇರಿಯ ಗುಮಾಸ್ತರು. ಮೂವರೂ ಒಪ್ಪುವುದನ್ನು ನೇರವಾಗಿ ಬರೆದಿದ್ದೇನೆ. ಒಪ್ಪದ ಒಂದೆರಡು ಕಡೆ ಯಾರ ಮಾತೆಂದು ತಿಳಿಸಿದ್ದೇನೆ.

ಅಂಗಳದ ವಿಷಯವನ್ನು ಮೊದಲು ಹೇಳಬೇಕು. ಸಾಮಿಲ್ಲಿನ ಹಿಂದೆ, ನದಿಗೂ ರೈಲುಹಳಿಗೂ ನಡುವೆ ಹನ್ನೆರಡು ಎಕರೆ ಸಮತಟ್ಟಾದ ನೆಲ. ದಿಮ್ಮಿಗಳನ್ನು ಕೊಯ್ದ ಹಸಿ ಹಲಗೆಗಳು ಅಲ್ಲಿಗೆ ಬರುತ್ತವೆ. ಮೊಣಕಾಲೆತ್ತರದ ಕಲ್ಲುಕಂಬಗಳ ಮೇಲೆ ಒಂದು ಸಾಲು ಹಲಗೆ ಹಾಸಿ, ಅದರ ಮೇಲೆ ಹೆಬ್ಬೆರಳು ದಪ್ಪದ ಪಟ್ಟಿಗಳನ್ನು ಅಡ್ಡವಾಗಿ ಇಟ್ಟು, ಮತ್ತೆ ಒಂದು ಸಾಲು ಹಲಗೆ ಹಾಸುತ್ತಾರೆ. ಮೇಲಿನ ಪಟ್ಟಿ ಕೆಳಗಿನ ಪಟ್ಟಿಯ ನೇರಕ್ಕೇ ಕೂರಬೇಕು. ಎರಡು ಬೆರಳು ಆಚೀಚೆಯಾದರೂ ಹಲಗೆ ಅಲ್ಲೇ ಬಾಗಿ ಸೊಂಟ ಮುರಿದುಕೊಳ್ಳುತ್ತದೆ. ಹಲಗೆಯ ತುದಿಗಳಿಗೆ ಬಣ್ಣ ಬಳಿದು ಸೀಳು ಬಿಡದಂತೆ ಮಾಡುತ್ತಾರೆ. ತುದಿಯ ಮೇಲೆ ಸೀಮೆಸುಣ್ಣದಲ್ಲಿ ತಾರೀಖು ಬರೆಯುತ್ತಾರೆ. ಅಟ್ಟಿಯ ನೆತ್ತಿಯ ಮೇಲೆ ತಗಡು, ತಗಡಿನ ಮೇಲೆ ಕಲ್ಲು. ಉಳಿದದ್ದು ನದಿಯ ಕಡೆಯಿಂದ ಬರುವ ಗಾಳಿಯ ಕೆಲಸ. ಒಂದು ಅಂಗುಲದ ಹಲಗೆಗೆ ಒಂದು ವರ್ಷ, ಮೂರು ಅಂಗುಲದ್ದಕ್ಕೆ ಮೂರು ವರ್ಷ.

ಪ್ರತಿ ಅಟ್ಟಿಯಲ್ಲೂ ಕೈಗೆಟಕುವಲ್ಲಿ ಒಂದು ಮಾದರಿ ತುಂಡು ಇರುತ್ತದೆ. ತಿಂಗಳಿಗೊಮ್ಮೆ ಅದನ್ನು ಹೊರಗೆಳೆದು ತೂಗುತ್ತಾರೆ. ತೂಕ ಇಳಿಯುತ್ತಿದ್ದರೆ ಒಳಗೆ ಇನ್ನೂ ನೀರಿದೆ. ಎರಡು ತಿಂಗಳು ಒಂದೇ ಸಮನೆ ತೂಕ ನಿಂತರೆ ಮರ ಸಿದ್ಧ.

ಈ ಊರಿನವರು ಒಣಗುವುದು ಎಂಬ ಮಾತನ್ನು ಬಟ್ಟೆಗೆ ಬಳಸುತ್ತಾರೆ, ಮರಕ್ಕೆ ಬಳಸುವುದಿಲ್ಲ. ಅಟ್ಟಿ ಕಟ್ಟುವುದೆಂದರೆ ಮರವನ್ನು ಮಲಗಿಸುವುದು. ಒಣಗುತ್ತಿರುವ ಮರ ಮಲಗಿದೆ. ಸಿದ್ಧವಾದ ಮರ ಎದ್ದಿದೆ. ಹೊತ್ತಿಗೆ ಮುಂಚೆ ಅಟ್ಟಿ ಬಿಚ್ಚಿದರೆ ಅದು ಅರೆನಿದ್ದೆಯ ಮರ. ಇದಕ್ಕಿಂತ ದೊಡ್ಡ ಬೈಗುಳ ಅಲ್ಲಿಲ್ಲ. ಅವಸರದ ಅಳಿಯನಿಗೂ, ಹದ ತಪ್ಪಿದ ಅಡುಗೆಗೂ, ಒಮ್ಮೊಮ್ಮೆ ಮಂತ್ರಿಗಳ ಭಾಷಣಕ್ಕೂ ಅದೇ ಹೆಸರು.

ಕೈಗಾರಿಕಾ ಕಚೇರಿ ಇರುವುದು ರಾಜಧಾನಿಯಲ್ಲಿ, ರೈಲಿನಲ್ಲಿ ಎರಡು ಗಂಟೆಯ ದಾರಿ. ಅಲ್ಲಿಯೂ ಮಲಗುವುದು ಎಂಬ ಮಾತು ದಿನವೂ ಓಡಾಡುತ್ತದೆ. ಮೇಜಿನಿಂದ ಕದಲದ ಕಡತ ಮಲಗಿದೆ. ಕೆಟ್ಟುಹೋದ ವ್ಯಾಪಾರ ಮಲಗಿದೆ. ಗುಮಾಸ್ತರು ಹುಟ್ಟಿ ಬೆಳೆದದ್ದು ರಾಜಧಾನಿಯಲ್ಲಿ. ಮದುವೆಯಾಗಿ ಎಂಟು ವರ್ಷವಾದರೂ ಹೆಂಡತಿಯ ತವರೂರಿನ ಈ ಅಂಗಳಕ್ಕೆ ಕಾಲಿಟ್ಟಿರಲಿಲ್ಲ. ಮರದ ಧೂಳಿಗೆ ಅವರಿಗೆ ಸೀನು ಬರುತ್ತಿತ್ತು.

ಆ ವರ್ಷ ರಾಜ್ಯ ಸರಕಾರವು ಮರದ ಉದ್ಯಮಗಳನ್ನು ಕರೆತರಲು ಒಂದು ಕೈಪಿಡಿ ಅಚ್ಚುಮಾಡಿಸಲು ತೀರ್ಮಾನಿಸಿತು. ‘ಅರಣ್ಯ ಮತ್ತು ಮರದ ಉದ್ಯಮಕ್ಕೆ ನಮ್ಮ ರಾಜ್ಯವೇ ಏಕೆ’ ಎಂದು ಅದರ ಹೆಸರು. ವಿವರ ಕಲೆಹಾಕುವ ಕೆಲಸ ಗುಮಾಸ್ತರ ಪಾಲಿಗೆ ಬಂತು. ಮೂಗಿಗೆ ಕರವಸ್ತ್ರ ಹಿಡಿದುಕೊಂಡು, ಅಚ್ಚು ಹಾಕಿದ ನಮೂನೆಯೊಂದಿಗೆ ಅವರು ಅಂಗಳಕ್ಕೆ ಬಂದರು.

“ಬನ್ನಿ ಬನ್ನಿ, ಗುಮಾಸ್ತರೇ. ದಾರಿ ಗೊತ್ತಾಯ್ತಲ್ಲ ಕೊನೆಗೂ,” ಎಂದರು ಅಟ್ಟಿಯಕ್ಕ.

“ಸರಕಾರದ ಕೆಲಸ ಅತ್ತಿಗೆ. ಒಟ್ಟು ಎಷ್ಟು ಅಟ್ಟಿ ಇದೆ?”

“ಇನ್ನೂರ ಅರವತ್ತು. ಎಲ್ಲಾ ಮಲಗಿವೆ.”

“ಎಲ್ಲಾನೂ?”

“ಒಂದೂ ಬಿಡದ ಹಾಗೆ. ಆ ಹಿಂದಿನ ಸಾಲು ನೋಡಿ, ಮೂರು ವರ್ಷ ಆಗ್ತಾ ಬಂತು. ಒಂದು ಹಲಗೆ ಅಲ್ಲಾಡಿಲ್ಲ!”

ಗುಮಾಸ್ತರ ಪೆನ್ನು ನಿಂತಿತು. “ಮೂರು ವರ್ಷದಿಂದಾನಾ? ಮನೇಲಿ ಒಂದು ಮಾತೂ ಹೇಳ್ಲಿಲ್ವಲ್ಲ ನೀವು.”

“ಅದರಲ್ಲಿ ಹೇಳೋದೇನಿದೆ? ಊರಿಗೆಲ್ಲ ಗೊತ್ತಿರೋದೇ.”

“ಮತ್ತೆ ದಿನಾ ಬಂದು ಏನು ಮಾಡ್ತೀರಿ?”

“ಕಾಯ್ತೀನಿ,” ಎಂದರು ಅಟ್ಟಿಯಕ್ಕ, ಸೊಂಟದ ಮೇಲೆ ಕೈಯಿಟ್ಟು. ಅವರ ತಂದೆಯೂ ನಲವತ್ತು ವರ್ಷ ಅದೇ ಅಂಗಳ ಕಾದವರು. ಆ ಮಾತಿನಲ್ಲಿ ಹೆಮ್ಮೆಯೇ ಇತ್ತು.

“ಪಾಪ,” ಎಂದರು ಗುಮಾಸ್ತರು.

ಮರಕ್ಕೆ ಪಾಪ ಎನ್ನುವವರನ್ನು ತಾನು ಅಂದೇ ಮೊದಲು ನೋಡಿದ್ದೆಂದು ಅಟ್ಟಿಯಕ್ಕ ನನಗೆ ಹೇಳಿದರು. ಗುಮಾಸ್ತರಾದರೋ ಆ ದಿನ ರೈಲಿನಲ್ಲಿ ದಾರಿಯುದ್ದಕ್ಕೂ ಅತ್ತಿಗೆಯ ಕಷ್ಟವನ್ನೇ ನೆನೆದರು. ವ್ಯವಹಾರ ಪೂರ್ತಿ ನಿಂತು ಹೋಗಿದ್ದರೂ ಮುಖದಲ್ಲಿ ತೋರಿಸಿಕೊಳ್ಳದ ಹೆಂಗಸು! ಯಾವುದಾದರೂ ದೊಡ್ಡ ಕಾರ್ಖಾನೆ ಅಲ್ಲಿಗೆ ಬಂದರೆ ಆಕೆಗೂ ಒಂದು ನೆಮ್ಮದಿಯ ಕುರ್ಚಿ ಸಿಗಬಹುದು ಎಂದುಕೊಂಡು, ತಮ್ಮ ಕೈಲಾದ ಉಪಕಾರವನ್ನು ನಮೂನೆಯಲ್ಲಿ ಬರೆದರು.

ಕೈಪಿಡಿ ಅಚ್ಚಾಗಿ ಕಂಪನಿಗಳಿಗೆ ಅಂಚೆಯಲ್ಲಿ ಹೋಗಿ ಎರಡು ವಾರವಾದ ಮೇಲೆ, ಒಂದು ಭಾನುವಾರ ಗುಮಾಸ್ತರು ಒಂದು ಪ್ರತಿ ಹಿಡಿದು, ಹೆಂಡತಿಯೊಂದಿಗೆ ಅಟ್ಟಿಯಕ್ಕನ ಮನೆಗೆ ಬಂದರು. ಸಾಣೆಮಾವ ಅಲ್ಲೇ ಕಿಟಕಿಯ ಬಳಿ ಚಹಾ ಕುಡಿಯುತ್ತ ಕೂತಿದ್ದರು. ಕೈಗೆ ಸಿಕ್ಕಿದ್ದನ್ನು ಮುದ್ರಕರ ವಿಳಾಸದವರೆಗೂ ಓದುವುದು ಅವರ ಅಭ್ಯಾಸ. ಕನ್ನಡಕ ಏರಿಸಿ ಗಟ್ಟಿಯಾಗಿ ಓದತೊಡಗಿದರು.

“ಅನುಕೂಲ ಒಂದು: ರಾಜ್ಯದ ಪ್ರತಿ ಐದು ಎಕರೆಯಲ್ಲಿ ಎರಡು ಎಕರೆ ಕಾಡು. ಸರಿ. ಅನುಕೂಲ ಎರಡು: ಕಡಿದ ಒಂದು ಮರಕ್ಕೆ ಮೂರು ಸಸಿ ನೆಡುವ ನಿಯಮ. ಇದೂ ಸರಿ, ಸಸಿ ತೋಟದ ಹುಡುಗಿಯರು ಚೆನ್ನಾಗಿ ದುಡೀತಾರೆ. ಮೂರು: ವರ್ಷವಿಡೀ ಹರಿಯುವ ನದಿ. ಏನಪ್ಪಾ ಇದು, ನದೀನೂ ನಿಮ್ಮ ಇಲಾಖೆಯವರೇ ಮಾಡಿದ್ದಾ?”

“ಮಾವ, ಸುಮ್ನೆ ಓದಿ,” ಎಂದರು ಅಟ್ಟಿಯಕ್ಕನ ತಂಗಿ.

ನಾಲ್ಕನೆಯದು ರೈಲು, ಐದನೆಯದು ಕರೆಂಟು, ಆರನೆಯದು ಮರಗೆಲಸದ ತರಬೇತಿ ಶಾಲೆ. ಸಾಣೆಮಾವ ಹಾಳೆ ತಿರುವಿದರು.

“ಅನುಕೂಲ ಏಳು: ನದಿ ಮತ್ತು ರೈಲುಮಾರ್ಗದ ನಡುವೆ ಹನ್ನೆರಡು ಎಕರೆ ಸಮತಟ್ಟಾದ ಸರಕಾರಿ ಭೂಮಿ. ಅಲ್ಲಿನ ದಾಸ್ತಾನು ಮೂರು ವರ್ಷಗಳಿಂದ ಮಲಗಿದ್ದು, ಸದ್ಯ ಯಾವುದೇ ಚಟುವಟಿಕೆ ಇರುವುದಿಲ್ಲ. ಒಂದು ತಿಂಗಳೊಳಗೆ ತೆರವುಗೊಳಿಸಿ ಹೊಸ ಉದ್ಯಮಕ್ಕೆ ಒದಗಿಸಲಾಗುವುದು.”

ಸಾಣೆಮಾವ ಕನ್ನಡಕ ತೆಗೆದು, ಒರೆಸಿ, ಅದೇ ಸಾಲನ್ನು ಮತ್ತೊಮ್ಮೆ ಓದಿದರು.

“ಅಳಿಯಂದಿರೇ, ಮಲಗಿರೋದಕ್ಕೆ ‘ಏಳು’ ಅಂತ ನಂಬರ್ ಹಾಕಿ ಎಬ್ಬಿಸೋಕೆ ಹೊರಟಿದೀರಲ್ಲ! ನಿಮ್ಮ ಬುದ್ಧಿಗೆ ಎಷ್ಟು ಸಾಣೆ ಹಿಡಿಯೋಣ?”

“ರೀ, ಏನು ಮಾಡಿಟ್ಟಿದೀರಿ ಇದು?” ಎಂದರು ತಂಗಿ.

“ನಾನೇನು ಮಾಡಿದೆ? ಎಲ್ಲಾ ಮಲಗಿದೆ ಅಂತ ಅತ್ತಿಗೇನೇ ಹೇಳಿದ್ದು!”

ಅಟ್ಟಿಯಕ್ಕ ಆಗ ಎಳೆಎಳೆಯಾಗಿ ಬಿಡಿಸಿ ಹೇಳಿದರು. ಮಲಗಿದೆ ಎಂದರೇನು, ಎದ್ದಿದೆ ಎಂದರೇನು, ತೂಕ ಯಾಕೆ ನೋಡುವುದು, ಎಲ್ಲವನ್ನೂ. ಗುಮಾಸ್ತರ ಮುಖ ಬಿಳುಪೇರಿತು. ಅಂಗಳದ ನೆಲ ಸರಕಾರದ್ದು. ಹತ್ತು ವರ್ಷಕ್ಕೊಮ್ಮೆ ಗುತ್ತಿಗೆ ನವೀಕರಿಸಬೇಕು. ಅವಧಿ ಮುಗಿಯುತ್ತ ಬಂದಿತ್ತು. ಕೈಗಾರಿಕಾ ಕಚೇರಿಗೆ ಅರ್ಜಿ ಕೊಟ್ಟು ಹದಿನಾಲ್ಕು ತಿಂಗಳಾದರೂ ಉತ್ತರ ಬಂದಿರಲಿಲ್ಲ. ಯಾವುದಾದರೂ ಕಂಪನಿ ಆ ನೆಲ ಬೇಕೆಂದರೆ ಅಂಗಳದ ಕಥೆ ಅಲ್ಲಿಗೆ ಮುಗಿಯಿತು.

“ಬೇರೆ ಕಡೆ ಸಾಗಿಸೋಕೆ ಆಗಲ್ವಾ ಅತ್ತಿಗೆ? ಲಾರಿ ನಾನು ಮಾಡಿಸ್ತೀನಿ.”

“ಮರ ಸಾಗಿಸ್ತೀರಿ. ಗಾಳೀನ ಯಾವ ಲಾರೀಲಿ ತುಂಬಿಸ್ತೀರಿ?” ಎಂದರು ಅಟ್ಟಿಯಕ್ಕ. “ನದಿ ಕಡೆಯಿಂದ ತಂಪಾಗಿ, ನಿಧಾನಕ್ಕೆ ಬರುತ್ತೆ ಇಲ್ಲಿ. ಬಿಸಿಗಾಳಿಗೆ ಸಿಕ್ಕರೆ ಮೇಲೆ ಬಿಗಿದು ಒಳಗೆ ಹಸಿ ಉಳಿದು ಸೀಳು ಬಿಡುತ್ತೆ. ಮೂರು ವರ್ಷ ಕಾದದ್ದು ಮೂರು ವಾರದಲ್ಲಿ ಸೌದೆ.”

ಸೋಮವಾರ ಗುಮಾಸ್ತರು ತಮ್ಮ ಕಚೇರಿಯ ನಿರ್ದೇಶಕಿಯವರ ಕೋಣೆಗೆ ಹೋದರು. ತಪ್ಪು ತಮ್ಮದೆಂದು ಹೇಳುವ ಉದ್ದೇಶದಿಂದಲೇ ಹೋದವರ ಬಾಯಿಗೆ ಅಲ್ಲಿ ಬಂದದ್ದು ಇಷ್ಟು: “ಮೇಡಂ, ಏಳನೇದು ಬಿಟ್ಟುಬಿಡಬಹುದಾ ಅಂತ.”

“ಬಿಡೋದಾ? ಬಾಗಿಲು ಕಾರ್ಖಾನೆ ಯಜಮಾನರು ಗುರುತು ಹಾಕಿ ಕಳಿಸಿರೋದೇ ಏಳನೇದಕ್ಕೆ. ಗುರುವಾರ ನೋಡೋಕೆ ಬರ್ತಿದ್ದಾರೆ. ನೀವೂ ಬನ್ನಿ, ಕೈಪಿಡಿ ಹತ್ತು ಹೆಚ್ಚಿಗೆ ಇಟ್ಕೊಳ್ಳಿ.”

ಗುಮಾಸ್ತರು ಹತ್ತು ಹೆಚ್ಚಿಗೆ ಇಟ್ಟುಕೊಂಡರು. ಆ ದಿನ ಸುಮ್ಮನಿದ್ದುದನ್ನು ಅವರೇ ನನಗೆ ಹೇಳಿದರು. ಉಳಿದಿಬ್ಬರಿಗೆ ಇದು ಗುರುವಾರದವರೆಗೆ ತಿಳಿದಿರಲಿಲ್ಲ.

ಗುರುವಾರ ಬೆಳಿಗ್ಗೆ ಹತ್ತಕ್ಕೆ ಕಾರು ಬಂತು. ಯಜಮಾನರು ದಪ್ಪ ಮೈಯವರು. ಅಂಗಿಯ ಜೇಬಿನಲ್ಲಿ ಮಡಚುವ ಉಕ್ಕಿನ ಅಳತೆಪಟ್ಟಿ ಇತ್ತು. ನೆರೆಯ ಮೂರು ರಾಜ್ಯಗಳಿಗೆ ಬಾಗಿಲು, ಕಿಟಕಿ, ಚೌಕಟ್ಟು ಕಳಿಸುವವರು. ನಿರ್ದೇಶಕಿಯವರು ಕಾಡು, ಸಸಿತೋಟ, ನದಿ, ರೈಲು ಎಂದು ಒಂದೊಂದೇ ಅನುಕೂಲವನ್ನು ಎತ್ತಿ ಹೇಳಿದರು. ಯಜಮಾನರು ತಲೆಯಾಡಿಸುತ್ತ ಅಂಗಳದ ಉದ್ದವನ್ನು ಹೆಜ್ಜೆಯಲ್ಲಿ ಅಳೆದರು. ಹಳಿಯ ತನಕ ಹೋಗಿ ಹಿಂದಿರುಗಿ, ಅಟ್ಟಿಗಳ ಕಡೆ ಕೈ ತೋರಿಸಿದರು.

“ಜಾಗ ಒಪ್ಪಿಗೆ. ಈ ಮಲಗಿರೋ ಸಾಮಾನು ತಿಂಗಳಲ್ಲಿ ತೆಗೀತೀರಿ ತಾನೆ?”

“ಖಂಡಿತ,” ಎಂದರು ನಿರ್ದೇಶಕಿ.

ಅಟ್ಟಿಯಕ್ಕ ಬಾಯಿ ತೆರೆಯುವಷ್ಟರಲ್ಲಿ ಗುಮಾಸ್ತರು ಎರಡು ಸಲ ಸೀನಿದರು. ಆಮೇಲೆ ಕರವಸ್ತ್ರ ಮಡಚಿ ಜೇಬಿಗೆ ಹಾಕಿದರು.

“ಮೇಡಂ, ಏಳನೇದು ತಪ್ಪು. ನಾನು ಬರೆದದ್ದು. ಇಲ್ಲಿ ಮಲಗಿದೆ ಅಂದ್ರೆ ಕೆಲಸ ನಿಂತಿದೆ ಅಂತಲ್ಲ. ಮರ ಹದವಾಗ್ತಿದೆ ಅಂತ. ನಮ್ಮ ಆಫೀಸಿನ ಅರ್ಥದಲ್ಲಿ ನಾನು ಬರೆದುಬಿಟ್ಟೆ. ಇದು ಖಾಲಿ ಜಾಗ ಅಲ್ಲ.”

ನಿರ್ದೇಶಕಿಯವರು ಅವರನ್ನು ನೋಡಿದ ರೀತಿಯನ್ನು ಸಾಣೆಮಾವ ನನಗೆ ಅಭಿನಯಿಸಿ ತೋರಿಸಿದರು. ಬರವಣಿಗೆಯಲ್ಲಿ ತರುವುದು ಕಷ್ಟ. “ಇದನ್ನ ಸೋಮವಾರ ಹೇಳೋಕೆ ಏನಾಗಿತ್ತು ನಿಮಗೆ?” ಎಂದಷ್ಟೇ ಕೇಳಿದರು.

ಯಜಮಾನರಿಗೆ ಸಿಟ್ಟು ಬರಲಿಲ್ಲ. “ಗಾಳೀಲಿ ಮೂರು ವರ್ಷ? ಯಾವ ಕಾಲದಲ್ಲಿ ಇದೀರಮ್ಮ ನೀವು? ನಮ್ಮಲ್ಲಿ ಬಿಸಿಕೋಣೆ ಇದೆ. ಹದಿನೈದು ದಿನ ಸಾಕು.”

“ಒಂದು ಅಂಗುಲಕ್ಕೆ ಸಾಕು, ಒಪ್ತೀನಿ,” ಎಂದರು ಅಟ್ಟಿಯಕ್ಕ. “ಮೂರು ಅಂಗುಲಕ್ಕೆ? ಚೌಕಟ್ಟಿನ ಮರಕ್ಕೆ?”

“ಐದರಲ್ಲಿ ಒಂದು ಸೀಳುತ್ತೆ,” ಎಂದು ಯಜಮಾನರು ಒಪ್ಪಿಕೊಂಡರು.

“ಹಸಿದನ್ನ ತಂದು ನೇರ ಬಿಸಿಗೆ ನೂಕಿದ್ರೆ ಅದಕ್ಕೂ ಸಿಟ್ಟು ಬರಲ್ವಾ?”

“ಹಾಗಾದ್ರೆ ನಿಮ್ಮದು ಸೀಳಲ್ಲ ಅನ್ನೋದಕ್ಕೆ ಏನು ಗ್ಯಾರಂಟಿ?”

ಅಟ್ಟಿಯಕ್ಕ ಅವರನ್ನು ತೂಕದ ಕೋಣೆಗೆ ಕರೆದೊಯ್ದರು. ಹತ್ತಡಿಗೆ ಹತ್ತಡಿಯ ಆ ಕೋಣೆಯಲ್ಲಿ ಒಂದು ತಕ್ಕಡಿ, ಗೋಡೆಗೆ ತೂಗುಹಾಕಿದ ತೂಕದ ಪುಸ್ತಕಗಳು, ನಡುವೆ ಮೂರು ಅಂಗುಲ ದಪ್ಪದ ಹಲಗೆಯ ಮೇಜು. ಅಟ್ಟಿಯಕ್ಕ ಹುಟ್ಟಿದ ವರ್ಷ ಅವರ ತಂದೆ ಇದೇ ಅಂಗಳದ ಮರದಿಂದ ಮಾಡಿದ್ದು. ಯಜಮಾನರು ಕೇಳದೆಯೇ ಜೇಬಿನಿಂದ ಅಳತೆಪಟ್ಟಿ ತೆಗೆದು, ಅದರ ಅಂಚನ್ನು ಮೇಜಿನ ಮೇಲೆ ಅಡ್ಡಲಾಗಿ ನಿಲ್ಲಿಸಿದರು. ಬಗ್ಗಿ, ಒಂದು ಕಣ್ಣು ಮುಚ್ಚಿ, ಅಂಚಿನಡಿಯಿಂದ ಕಿಟಕಿಯ ಬೆಳಕು ತೂರುತ್ತದೆಯೇ ಎಂದು ನೋಡಿದರು. ಉದ್ದಕ್ಕೆ ಇಟ್ಟು ನೋಡಿದರು. ಮೂಲೆಯಿಂದ ಮೂಲೆಗೆ ಇಟ್ಟು ನೋಡಿದರು. ಬೆಳಕು ಎಲ್ಲೂ ತೂರಲಿಲ್ಲ.

“ಹೊರಗೆ ಇದೇ ದಪ್ಪದ್ದು ಎಷ್ಟಿದೆ?” ಎಂದು ಕೇಳಿದರು.

“ಹಿಂದಿನ ಸಾಲು. ನಲವತ್ತು ಅಟ್ಟಿ.”

“ಸರಿ, ಒಂದು ಮಾತು ಹೇಳ್ತೀನಿ. ಆ ನಲವತ್ತೂ ಇವತ್ತೇ ನನಗೆ ಕೊಡಿ. ನನ್ನ ಲಾರಿಗಳು ನಾಳೆ ಬರ್ತವೆ. ಕೊಟ್ಟರೆ ನಿಮ್ಮ ಅಂಗಳದ ತಂಟೆಗೆ ನಾನು ಬರಲ್ಲ, ಬೇರೆ ಜಾಗ ನೋಡ್ಕೋತೀನಿ.”

ಬಾಗಿಲಲ್ಲಿ ನಿಂತಿದ್ದ ಸಾಣೆಮಾವ ಕೆಮ್ಮಿದರು. ಹೂಂ ಅನ್ನು ಎಂದು ಆ ಕೆಮ್ಮಿನ ಅರ್ಥ. ಅವರೇ ಒಪ್ಪಿಕೊಂಡ ಮಾತು.

ಅಟ್ಟಿಯಕ್ಕ ಹೊರಗೆ ಹೋಗಿ, ಹಿಂದಿನ ಸಾಲಿನ ಮೊದಲ ಅಟ್ಟಿಯಿಂದ ಮಾದರಿ ತುಂಡನ್ನು ಎಳೆದು ತಂದರು. ತಕ್ಕಡಿಗೆ ಇಟ್ಟು, ಮುಳ್ಳು ನಿಲ್ಲುವ ತನಕ ಕಾದರು. ಪುಸ್ತಕ ತೆರೆದು ಯಜಮಾನರ ಮುಂದೆ ತಿರುಗಿಸಿದರು. ಕಳೆದ ತಿಂಗಳು ಸಾವಿರದ ಎಂಟುನೂರ ನಲವತ್ತು ಗ್ರಾಂ. ಈಗ ಸಾವಿರದ ಎಂಟುನೂರ ಮೂವತ್ತೊಂದು.

“ಇನ್ನೂ ಎದ್ದಿಲ್ಲ,” ಎಂದರು. “ಕೊಡಲ್ಲ.”

“ಒಂಬತ್ತು ಗ್ರಾಂಗೆ ಯಾರಮ್ಮ ತಲೆ ಕೆಡಿಸ್ಕೋತಾರೆ?”

“ನೀವು ಚೌಕಟ್ಟು ಕೂರಿಸಿದ ಮನೆಯವರು. ಮೊದಲನೇ ಬೇಸಿಗೇಲಿ.”

ನಿರ್ದೇಶಕಿಯವರಿಗೆ ತಾಳ್ಮೆ ಮೀರಿತು. “ರೀ, ಅಂಗಳ ಉಳೀಲಿ ಅಂತ ಅವರೇ ದಾರಿ ತೋರಿಸ್ತಿದ್ದಾರೆ. ನೀವು ಬೇಡ ಅಂತೀರಲ್ಲ! ಅಂಗಳ ಹೋದ ಮೇಲೆ ಈ ಮರ ಇಟ್ಕೊಂಡು ಏನು ಮಾಡ್ತೀರಿ?”

“ಹೋದರೆ ಹೋಗ್ಲಿ ಮೇಡಂ, ಅದು ನಿಮ್ಮ ಕೈಲಿರೋದು. ಅರೆನಿದ್ದೆ ಮರ ಕೊಟ್ಟು ಅಂಗಳ ಉಳಿಸ್ಕೊಂಡ್ರೆ, ಉಳಿದಿರೋ ಅಂಗಳದಲ್ಲಿ ನಾನು ಏನು ಅಂತ ಕಾಯೋದು?” ಹಾಗೆಂದು ತುಂಡನ್ನು ಎತ್ತಿಕೊಂಡು ಹೋಗಿ, ಅದರ ಸಂದಿಗೇ ಮತ್ತೆ ತಳ್ಳಿ, ಪಟ್ಟಿಯನ್ನು ಬೆರಳಿನಿಂದ ಸರಿಮಾಡಿದರು.

ಇಲ್ಲಿ ಹೇಳಿಕೆಗಳು ಬೇರೆಯಾಗುತ್ತವೆ. ಯಜಮಾನರು ಹೊಟ್ಟೆ ಹಿಡಿದು ನಕ್ಕರೆಂದು ಸಾಣೆಮಾವ ಹೇಳುತ್ತಾರೆ. ನಗಲಿಲ್ಲ, ಪೆನ್ಸಿಲ್ ತೆಗೆದು ಆ ಎರಡು ತೂಕಗಳನ್ನು ಕೈಪಿಡಿಯ ಹಿಂಬದಿಗೆ ಬರೆದುಕೊಂಡರು ಎಂಬುದು ಗುಮಾಸ್ತರ ಮಾತು. ಅಟ್ಟಿಯಕ್ಕ ಆಗ ಅಟ್ಟಿಯ ಕಡೆ ತಿರುಗಿದ್ದರಿಂದ ತಾನು ನೋಡಲಿಲ್ಲ ಎನ್ನುತ್ತಾರೆ. ಯಜಮಾನರು ಮತ್ತೆ ಏನೂ ಕೇಳದೆ ಕಾರು ಹತ್ತಿದರೆಂಬುದನ್ನು ಮೂವರೂ ಒಪ್ಪುತ್ತಾರೆ.

ಹತ್ತು ದಿನ ಯಾವ ಸುದ್ದಿಯೂ ಇರಲಿಲ್ಲ. ಅಟ್ಟಿಯಕ್ಕ ದಿನದಂತೆ ಅಂಗಳಕ್ಕೆ ಹೋದರು. ಹೊಸದಾಗಿ ಕೊಯ್ದ ಹಲಗೆ ಬಂದಾಗ ಮಾತ್ರ, ಮಲಗಿಸುವುದೋ ಬೇಡವೋ ಎಂದು ಸಾಮಿಲ್ಲಿನವರು ಕೇಳಿದರು. “ಮಲಗಿಸಿ, ತಾರೀಖು ಹಾಕಿ,” ಎಂದರು.

ಹನ್ನೊಂದನೆಯ ದಿನ ಯಜಮಾನರ ಪತ್ರ ನಿರ್ದೇಶಕಿಯವರ ಮೇಜಿಗೆ ಬಂತು. ಅದರ ಸಾರವನ್ನು ಗುಮಾಸ್ತರು ಬಾಯಿಪಾಠವಾಗಿ ಹೇಳಬಲ್ಲರು. ಕಾಡು, ನದಿ, ರೈಲು ತಾವು ನೋಡಿದ ಇತರ ರಾಜ್ಯಗಳಲ್ಲೂ ಇವೆ. ಮೂರು ಅಂಗುಲದ ಹದವಾದ ಮರ ಎಲ್ಲೂ ಇಲ್ಲ. ಹಳಿಯ ಆಚೆಗಿರುವ ಹಳೆಯ ಇಟ್ಟಿಗೆ ಗೂಡಿನ ಏರುತಗ್ಗಿನ ನೆಲವನ್ನೇ ಕಾರ್ಖಾನೆಗೆ ಕೊಡಬೇಕು. ಅದನ್ನು ಸಮ ಮಾಡಲು ತಮಗೆ ಒಂದೆರಡು ತಿಂಗಳು ಸಾಕು, ಈ ಅಂಗಳವನ್ನು ಮತ್ತೆ ಕಟ್ಟಲು ಮೂರು ವರ್ಷ ಬೇಕು. ಅಂಗಳ ಇದ್ದಲ್ಲೇ, ಇದ್ದವರ ಕೈಯಲ್ಲೇ ಇರಬೇಕು. ಇಲ್ಲವಾದರೆ ತಾವು ಬರುವುದಿಲ್ಲ. ಹಿಂದಿನ ಸಾಲು ಎದ್ದ ದಿನ ತಮಗೆ ತಿಳಿಸಬೇಕು. ಎದ್ದ ಎಂಬ ಮಾತಿನ ಕೆಳಗೆ ಅವರು ಗೆರೆ ಎಳೆದಿದ್ದರಂತೆ.

ನಿರ್ದೇಶಕಿಯವರು ಪತ್ರವನ್ನು ಎರಡು ಸಲ ಓದಿ, ಗುಮಾಸ್ತರನ್ನು ಕರೆದರು. “ಆ ಅಂಗಳದ ಗುತ್ತಿಗೆ ಫೈಲು ಎಲ್ಲಿದೆ?”

ಎರಡು ಬೀರು ಹುಡುಕಿದ ಮೇಲೆ ಸಿಕ್ಕಿತು. ಕೈಪಿಡಿಯ ಉಳಿದ ಪ್ರತಿಗಳ ಅಡಿಯಲ್ಲೇ ಇತ್ತು. ಅದೇ ವಾರ ಸಹಿಯಾಯಿತು, ಮೊಹರು ಬಿತ್ತು. ಗುಮಾಸ್ತರು ಅಂಚೆಗೆ ಹಾಕದೆ, ಲಕೋಟೆಯನ್ನು ತಾವೇ ಹಿಡಿದು ರೈಲು ಹತ್ತಿದರು. ಅಟ್ಟಿಯಕ್ಕ ತೂಕದ ಕೋಣೆಯಲ್ಲಿದ್ದರು. ಸಾಣೆಮಾವ ಮೇಜಿನ ಮೂಲೆಯಲ್ಲಿ ಚಹಾ ಇಟ್ಟುಕೊಂಡು ಕೂತಿದ್ದರು.

“ತಗೊಳ್ಳಿ ಅತ್ತಿಗೆ. ಹತ್ತು ವರ್ಷಕ್ಕೆ.”

ಅಟ್ಟಿಯಕ್ಕ ಕಾಗದ ಬಿಚ್ಚಿ, ಎಕರೆ ಸರಿಯಿದೆಯೇ ಎಂದು ನೋಡಿ, ಮತ್ತೆ ಮಡಚಿ ಲಕೋಟೆಗೆ ಹಾಕಿದರು. “ಎಷ್ಟು ದಿನ ಮಲಗಿತ್ತು ಇದು?”

“ಹದಿನೈದು ತಿಂಗಳು.”

“ತಿಂಗಳಿಗೊಮ್ಮೆ ಹೊರಗೆಳೆದು ತೂಕ ನೋಡ್ತಿದ್ರಾ?” ಎಂದು ಕೇಳಿದರು ಸಾಣೆಮಾವ.

“ಮಾವ, ಸಾಕು ಬಿಡಿ,” ಎಂದರು ಗುಮಾಸ್ತರು. ಎರಡನೆಯ ಮುದ್ರಣಕ್ಕೆ ಏಳನೆಯ ಅನುಕೂಲವನ್ನು ಹೊಸದಾಗಿ ಬರೆದು ತಂದಿದ್ದರು. ಅತ್ತಿಗೆ ಒಪ್ಪಿದ ಮೇಲೆಯೇ ಅಚ್ಚಿಗೆ ಕೊಡಬೇಕೆಂದು ನಿರ್ದೇಶಕಿಯವರ ಆಜ್ಞೆಯಾಗಿತ್ತು. ಅಟ್ಟಿಯಕ್ಕ ಅದನ್ನು ನಿಧಾನವಾಗಿ ಓದಿದರು. ‘ಇಲ್ಲಿ ಮರ ಮಲಗಿರುತ್ತದೆ’ ಎಂಬ ಸಾಲನ್ನು ಗುಮಾಸ್ತರು ಹೊಡೆದುಹಾಕಿ ‘ಹದಗೊಳ್ಳುತ್ತಿರುತ್ತದೆ’ ಎಂದು ತಿದ್ದಿದ್ದರು. ಅಟ್ಟಿಯಕ್ಕ ಆ ತಿದ್ದುಪಡಿಯನ್ನು ಹೊಡೆದು ಹಾಕಿ ಮೊದಲಿನದನ್ನೇ ಉಳಿಸಿದರು.

ಆಮೇಲೆ ಸೀಮೆಸುಣ್ಣದ ತುಂಡೊಂದನ್ನು ತೆಗೆದುಕೊಂಡು, ಗುತ್ತಿಗೆಯ ಕಂದು ಲಕೋಟೆಯ ತುದಿಯಲ್ಲಿ, ಹಲಗೆಯ ತುದಿಗೆ ಬರೆಯುವ ಹಾಗೆಯೇ, ಅರ್ಜಿ ಕೊಟ್ಟ ತಾರೀಖನ್ನು ಬರೆದರು. ಅದರ ಕೆಳಗೆ ಆ ದಿನದ ತಾರೀಖು ಬರೆದು, ಪಕ್ಕದಲ್ಲಿ ‘ಎದ್ದಿದೆ’ ಎಂದು ಹಾಕಿ, ತೂಕದ ಪುಸ್ತಕಗಳ ಜೊತೆಗೆ ಗೋಡೆಗೆ ತೂಗುಹಾಕಿದರು. ಲಕೋಟೆ ಈಗಲೂ ಅಲ್ಲೇ ಇದೆ. ನಾನು ನೋಡಿದಾಗ ಸುಣ್ಣ ಮಾಸಿತ್ತು, ಅಕ್ಷರ ಓದುವಂತಿತ್ತು.